ತಲೆಬುರುಡೆಯೊಳಗಿನ ಒತ್ತಡ: ಮೊದಲು ಕಾಯಬೇಕಾದುದು ಕಣ್ಣನ್ನು

ತಲೆನೋವನ್ನು ಅನುಭವಿಸದ ಗೃಹಿಣಿಯುಂಟೆ? ಮನೆಯ ಕೆಲಸ, ಕಚೇರಿಯ ದುಡಿಮೆ, ಮಕ್ಕಳ ಪರೀಕ್ಷೆ, ರಸ್ತೆಯ ಹೊಗೆ, ನಿದ್ದೆಗೇಡು ಎಂದು ಅದಕ್ಕೆ ಕಾರಣಗಳು ಹುಡುಕದೆಯೇ ಸಿಗುತ್ತವೆ. ಹಣೆಗೆ ಮುಲಾಮು ಹಚ್ಚಿ, ಒಂದು ಮಾತ್ರೆ ನುಂಗಿ, ಮುಂದಿನ ಕೆಲಸಕ್ಕೆ ಎದ್ದುಬಿಡುತ್ತೇವೆ. ತಲೆನೋವುಗಳಲ್ಲಿ ಬಹುಪಾಲು ಹಾಗೆಯೇ ಕಳೆದುಹೋಗುತ್ತವೆ ಎಂಬುದೂ ನಿಜ. ಆದರೆ ಹಾಗೆ ಕಳೆಯದ, ಕಳೆದೀತೆಂದು ಕಾದವರ ಕಣ್ಣಿನ ಬೆಳಕನ್ನೇ ಕಸಿದುಕೊಳ್ಳಬಲ್ಲ ಒಂದು ಬಗೆಯ ತಲೆನೋವಿದೆ. ಅದನ್ನು ನಾನು ಮೊದಲು ಅರಿತದ್ದು ಪುಸ್ತಕದಿಂದಲ್ಲ, ನನ್ನ ತಂಗಿಯ ಮಗಳಿಂದ.

ಅವಳ ಮನೆ ಬನಶಂಕರಿ ಎರಡನೆಯ ಹಂತದಲ್ಲಿ. ಶಾಲೆಯೊಂದರಲ್ಲಿ ಉಪಾಧ್ಯಾಯಿನಿ, ವಯಸ್ಸು ಇನ್ನೂ ಮೂವತ್ತರೊಳಗೆ. ಹೆರಿಗೆಯಾದ ಮೂರು ವರ್ಷಗಳಲ್ಲಿ ಮೈತೂಕ 14 ಕಿಲೊ ಏರಿತ್ತು. ಬೆಳಗ್ಗೆ ಹಾಸಿಗೆಯಿಂದ ಏಳುವಾಗಲೇ ತಲೆ ಸಿಡಿಯುತ್ತದೆ ಎನ್ನುತ್ತಿದ್ದಳು. ಒಬ್ಬರು ಪಿತ್ತವೆಂದರು, ಇನ್ನೊಬ್ಬರು ಸೈನಸ್ ಎಂದರು. ಅವಳ ಅತ್ತೆಯವರು ದೃಷ್ಟಿಯಾಗಿರಬೇಕೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ಕನ್ನಡಕದ ಗಾಜು ಎರಡು ಸಲ ಬದಲಾಯಿತು. ಹೀಗೆ ಮೂರು ತಿಂಗಳು ಕಳೆದವು.

ಯುಗಾದಿಯ ದಿನ ಅವಳ ಮನೆಗೆ ಹೋಗಿದ್ದೆ. ಹೊಸಲಿನ ಮುಂದೆ ರಂಗೋಲಿ ಇಡುತ್ತಿದ್ದವಳು ಎದ್ದು ನಿಂತು ಗೋಡೆ ಹಿಡಿದುಕೊಂಡಳು. ಏನಮ್ಮಾ ಎಂದು ಕೇಳಿದೆ. "ಏನಿಲ್ಲ ದೊಡ್ಡಮ್ಮಾ, ಬಗ್ಗಿ ಎದ್ದರೆ ಕಣ್ಣಿನ ಮುಂದೆ ಬೂದಿಬಣ್ಣದ ಪರದೆ ಬಿದ್ದ ಹಾಗೆ ಆಗುತ್ತೆ. ನಾಲ್ಕೈದು ಎಣಿಸುವಷ್ಟರಲ್ಲಿ ಸರಿಹೋಗುತ್ತೆ" ಎಂದಳು. ಬೇರೇನಾದರೂ ಉಂಟೇ ಎಂದು ಒತ್ತಾಯಿಸಿದಾಗ, "ರಾತ್ರಿ ಮಲಗಿದರೆ ಕಿವಿಯಲ್ಲಿ ತಿದಿ ಒತ್ತಿದ ಹಾಗೆ ಸದ್ದು ಬರುತ್ತೆ. ಎದೆಬಡಿತದ ಲೆಕ್ಕಕ್ಕೇ ಬರುತ್ತೆ" ಎಂದಳು. ಈ ಎರಡು ಮಾತುಗಳನ್ನು ಅವಳು ಅದುವರೆಗೆ ಯಾವ ವೈದ್ಯರಿಗೂ ಹೇಳಿರಲಿಲ್ಲ. ಕೇಳಿದವರು ಇರಲಿಲ್ಲ, ಹೇಳಬೇಕಾದ ಸಂಗತಿಯೆಂದು ಅವಳಿಗೂ ತೋರಿರಲಿಲ್ಲ.

ಮರುದಿನ ಹನಿ ಹಾಕಿ, ಪಾಪೆಯನ್ನು ಹಿಗ್ಗಿಸಿ ಕಣ್ಣಿನ ಒಳಗನ್ನು ನೋಡಿದ ನೇತ್ರವೈದ್ಯರು ಗಂಭೀರರಾದರು. "ನಿಮ್ಮ ಕನ್ನಡಕದ್ದು ತಪ್ಪಿಲ್ಲಮ್ಮ. ಕಣ್ಣಿನ ಹಿಂದಿನ ನರ ಊದಿಕೊಂಡಿದೆ, ಎರಡೂ ಕಡೆ. ಇದು ತಲೆಯೊಳಗಿನ ಒತ್ತಡದ ಗುರುತು. ನಾಳೆ ಎನ್ನಬೇಡಿ, ಇವತ್ತೇ ನರರೋಗ ತಜ್ಞರನ್ನು ಕಾಣಿ" ಎಂದರು. ಆ ದಿನದಿಂದ ನಮ್ಮ ಮನೆಯವರು ಕಲಿತ ಪಾಠಗಳನ್ನು ಇತರ ಕುಟುಂಬಗಳೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಇದು ಬಿ.ಪಿ. ಅಲ್ಲ

ಒತ್ತಡ ಎಂದೊಡನೆ ನಮ್ಮ ನೆನಪಿಗೆ ಬರುವುದು ಬಿ.ಪಿ. ಎನಿಸಿಕೊಂಡ ರಕ್ತದೊತ್ತಡ. ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಆ ಒತ್ತಡ ಬೇರೆ. ತಲೆಬುರುಡೆಯೊಳಗಿನ ಒತ್ತಡ ಬೇರೆ. ನಮ್ಮ ಹುಡುಗಿಯ ಬಿ.ಪಿ. ಸರಿಯಾಗಿಯೇ ಇತ್ತು.

ಬೆಳೆದವರ ತಲೆಬುರುಡೆ ಹಿಗ್ಗದ ಎಲುಬಿನ ಗೂಡು. ಅದರೊಳಗೆ ಇರುವವು ಮೂರು: ಮಿದುಳು, ಅದರಲ್ಲಿ ಹರಿಯುವ ರಕ್ತ ಮತ್ತು ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದಿರುವ ತಿಳಿನೀರಿನಂತಹ ದ್ರವ. ಈ ಮೂರರಲ್ಲಿ ಒಂದು ಹೆಚ್ಚಿದರೆ ಉಳಿದೆರಡರಲ್ಲಿ ಒಂದು ಸರಿದು ಜಾಗ ಬಿಡಬೇಕು. ಇಲ್ಲವಾದರೆ ಒತ್ತಡ ಏರಬೇಕು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೊ ಎಂಬ ವೈದ್ಯರು 1783ರಷ್ಟು ಹಿಂದೆಯೇ ಈ ತತ್ತ್ವಕ್ಕೆ ತಳಹದಿ ಹಾಕಿದರು.

ಮಿದುಳಿನ ಈ ದ್ರವ ಯಾವುದೇ ಒಂದು ಹೊತ್ತಿನಲ್ಲಿ ಸುಮಾರು 150 ಮಿಲಿಲೀಟರಿನಷ್ಟು ಇರುತ್ತದೆ. ದಿನವೊಂದಕ್ಕೆ ಹೊಸದಾಗಿ ಉತ್ಪತ್ತಿಯಾಗುವುದು ಸುಮಾರು 500 ಮಿಲಿಲೀಟರ್. ಎಂದರೆ ದಿನಕ್ಕೆ ಮೂರು ನಾಲ್ಕು ಬಾರಿ ಹಳೆಯದು ಹೋಗಿ ಹೊಸದು ಬರುತ್ತದೆ. ಹಳೆಯ ದ್ರವ ಬಹುಮಟ್ಟಿಗೆ ಮಿದುಳಿನ ದೊಡ್ಡ ರಕ್ತನಾಳಗಳಾದ ಅಭಿಧಮನಿಗಳಿಗೆ ಸೇರಿ ರಕ್ತದಲ್ಲಿ ಬೆರೆಯುತ್ತದೆ. ಮನೆಯ ಮೇಲಿನ ಟ್ಯಾಂಕಿಗೆ ಬರುವಷ್ಟೇ ನೀರು ಕೆಳಗಿಳಿದರೆ ತೊಂದರೆಯಿಲ್ಲ. ಇಳಿಯುವ ಕೊಳವೆ ಕಿರಿದಾದರೆ ಟ್ಯಾಂಕಿ ತುಂಬಿ ತುಳುಕುತ್ತದೆ. ತಲೆಬುರುಡೆಗೆ ತುಳುಕುವ ಅವಕಾಶವೂ ಇಲ್ಲ. ಕಣ್ಣಿನ ನರವನ್ನು ಸುತ್ತಿರುವ ಕವಚದೊಳಗೂ ಇದೇ ದ್ರವವಿರುವುದರಿಂದ ಒತ್ತಡದ ಪೆಟ್ಟು ಆ ನರಕ್ಕೆ ಬೀಳುತ್ತದೆ. ನರ ಊದುತ್ತದೆ, ಬಹುಕಾಲ ಊದಿಕೊಂಡೇ ಇದ್ದರೆ ಬಾಡುತ್ತದೆ. ಬಾಡಿದ ನರ ಮರಳಿ ಚಿಗುರುವುದಿಲ್ಲ.

ಕಾರಣ ಒಂದೇ ಅಲ್ಲ

ಈ ಒತ್ತಡಕ್ಕೆ ಕಾರಣಗಳು ಹಲವು. ಮಿದುಳಿನ ಗಡ್ಡೆ, ರಕ್ತಸ್ರಾವ, ಕ್ಷಯರೋಗದಿಂದ ಬರುವ ಮಿದುಳುಪೊರೆಯ ಉರಿಯೂತ, ಲಾಡಿಹುಳುವಿನ ಮರಿಗಳು ಮಿದುಳಿನಲ್ಲಿ ಕಟ್ಟುವ ಗುಳ್ಳೆಗಳು ಇವು ನಮ್ಮ ದೇಶದಲ್ಲಿ ಮರೆಯುವಂತಿಲ್ಲದ ಕಾರಣಗಳು. ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಇನ್ನೊಂದು. ಬಾಣಂತಿಯರಿಗೆ ಸಂಬಂಧಿಸಿದ ಆ ವಿಷಯವನ್ನು ಮುಂದೆ ಪ್ರತ್ಯೇಕವಾಗಿ ಹೇಳಿದ್ದೇನೆ. ಕೆಲವು ಔಷಧಿಗಳಿಂದಲೂ ಒತ್ತಡ ಏರಬಹುದು. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಮಿನೋಸೈಕ್ಲಿನ್, ಐಸೋಟ್ರೆಟಿನಾಯ್ನ್ ಮಾತ್ರೆಗಳು, ಮಿತಿಮೀರಿ ಸೇವಿಸಿದ ಎ ಜೀವಸತ್ವ, ಬಹುದಿನ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದ ಸ್ಟಿರಾಯ್ಡ್ ಇವುಗಳ ವಿವರವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಇವಾವುವೂ ಇಲ್ಲವೆಂದು ಪರೀಕ್ಷೆಗಳಿಂದ ಖಚಿತವಾದ ಮೇಲೆ ಉಳಿಯುವುದು ಕಾರಣ ತಿಳಿಯದ ಒತ್ತಡ. ನಮ್ಮ ಹುಡುಗಿಗೆ ಇದ್ದದ್ದು ಅದೇ. ಹೆರುವ ವಯಸ್ಸಿನ, ಇತ್ತೀಚೆಗೆ ತೂಕ ಏರಿದ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಗಂಡಸರಿಗೂ ಮಕ್ಕಳಿಗೂ ತೆಳ್ಳಗಿರುವವರಿಗೂ ಬರುವುದುಂಟು. ಗಡ್ಡೆಯಿಲ್ಲವೆಂಬ ಕಾರಣಕ್ಕೆ ಹಿಂದಿನ ವೈದ್ಯಗ್ರಂಥಗಳು ಇದನ್ನು ನಿರಪಾಯಕಾರಿ ಒತ್ತಡವೆಂದು ಕರೆಯುತ್ತಿದ್ದವು. ದೃಷ್ಟಿಯನ್ನು ಕಳೆಯಬಲ್ಲ ಕಾಯಿಲೆಗೆ ಆ ಹೆಸರು ಸಲ್ಲದೆಂದು ಇಂದಿನ ತಜ್ಞರು ಅದನ್ನು ಬಿಟ್ಟುಕೊಟ್ಟಿದ್ದಾರೆ.

ಪರೀಕ್ಷೆಯ ಭಯ

ಮೊದಲ ಪರೀಕ್ಷೆ ಕಣ್ಣಿನದು. ಕನ್ನಡಕದ ನಂಬರು ನೋಡುವುದಕ್ಕೂ ಕಣ್ಣಿನ ಹಿಂಭಾಗದ ನರವನ್ನು ನೋಡುವುದಕ್ಕೂ ಅಜಗಜಾಂತರವಿದೆ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಲೋಕಕ್ಕೆ ಪರಿಚಯಿಸಿದರು. ಅಂದಿನಿಂದ ತಲೆಯನ್ನು ತೆರೆಯದೆಯೇ ಅದರೊಳಗಿನ ಒತ್ತಡದ ಸುಳಿವನ್ನು ಹಿಡಿಯುವುದು ಸಾಧ್ಯವಾಗಿದೆ. ಜೊತೆಗೆ ದೃಷ್ಟಿಯ ಹರಹನ್ನು ಅಳೆಯುವ ಯಂತ್ರಪರೀಕ್ಷೆಯೂ ಆಗಬೇಕು. ಏಕೆಂದರೆ ಈ ಕಾಯಿಲೆ ಮೊದಲು ಅಂಚಿನ ನೋಟವನ್ನು ಕೊರೆಯುತ್ತದೆ. ನಡುವಿನ ನೋಟ ಸರಿಯಿರುವುದರಿಂದ ಪತ್ರಿಕೆಯ ಸಣ್ಣಕ್ಷರವನ್ನು ಓದಬಲ್ಲವರಿಗೂ ನಷ್ಟವಾಗುತ್ತಿರುವುದು ತಿಳಿಯುವುದಿಲ್ಲ.

ಬಳಿಕ ಎಂ.ಆರ್.ಐ. ಸ್ಕ್ಯಾನ್, ಅದರೊಂದಿಗೆ ಅಭಿಧಮನಿಗಳ ಚಿತ್ರ. ಗಡ್ಡೆಯಾಗಲಿ ಹೆಪ್ಪಾಗಲಿ ಇಲ್ಲವೆಂದು ತಿಳಿದ ಮೇಲೆಯೇ ಸೊಂಟದಿಂದ ನೀರು ತೆಗೆದು ಒತ್ತಡವನ್ನು ಅಳೆಯುತ್ತಾರೆ. ಜರ್ಮನಿಯ ಹೈನ್ರಿಕ್ ಕ್ವಿಂಕೆ 1891ರಲ್ಲಿ ವಿವರಿಸಿದ ವಿಧಾನವಿದು. ಬೆನ್ನಿಗೆ ಸೂಜಿ ಎಂದರೆ ಕಾಲು ಬಿದ್ದುಹೋಗುತ್ತದೆಂಬ ಭೀತಿ ನಮ್ಮ ಮನೆಯಲ್ಲಿಯೂ ಇತ್ತು. ಬೆಳೆದವರ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಸೂಜಿ ಚುಚ್ಚುವುದು ಅದಕ್ಕಿಂತ ಕೆಳಗೆ ಎಂದು ವೈದ್ಯರು ಚಿತ್ರ ಬರೆದು ತೋರಿಸಿದಾಗ ನಮ್ಮ ಭಯ ಕಳೆಯಿತು. ಬೆಳೆದವರಲ್ಲಿ ಈ ಒತ್ತಡ ನೀರಿನ ಮಟ್ಟದ ಲೆಕ್ಕದಲ್ಲಿ 25 ಸೆಂಟಿಮೀಟರನ್ನು ಮುಟ್ಟಿದರೆ ಅಥವಾ ಮೀರಿದರೆ ಕಾಯಿಲೆಯೆಂದು ಎಣಿಸುತ್ತಾರೆ. ಅವಳದು 34 ಇತ್ತು. ಪರೀಕ್ಷೆಯ ಬಳಿಕ ಎದ್ದು ಕುಳಿತಾಗ ಬೇರೊಂದು ಬಗೆಯ ತಲೆನೋವು ಎರಡು ಮೂರು ದಿನ ಕಾಡಿತು, ವಿಶ್ರಾಂತಿಯಿಂದ ಹೋಯಿತು.

ಚಿಕಿತ್ಸೆಯ ದಾರಿಗಳು

ತೂಕ ಹೆಚ್ಚಿರುವವರಿಗೆ ಕಾಯಿಲೆಯ ಬುಡಕ್ಕೇ ಹೋಗುವ ಚಿಕಿತ್ಸೆ ತೂಕ ಇಳಿಸುವುದು. ಕಾಯಿಲೆ ಪೂರ್ತಿ ಹಿಂಜರಿಯಲು ಮೈತೂಕದ ಶೇಕಡ 15ರವರೆಗೆ ಇಳಿಯಬೇಕಾಗಬಹುದೆಂದು 2018ರಲ್ಲಿ ಬ್ರಿಟನ್ನಿನ ತಜ್ಞರ ಮಾರ್ಗಸೂಚಿ ತಿಳಿಸಿತು. 80 ಕಿಲೊ ತೂಗುವವರಿಗೆ ಅದು 12 ಕಿಲೊ. ತೀರ ಸ್ಥೂಲಕಾಯದ 66 ಮಹಿಳೆಯರನ್ನು ಕುರಿತು ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಥ್ಯ ಮತ್ತು ಸಲಹೆಗಿಂತ ಜಠರದ ಶಸ್ತ್ರಕ್ರಿಯೆಯಿಂದ ತೂಕವೂ ತಲೆಯ ಒತ್ತಡವೂ ಹೆಚ್ಚು ಇಳಿದವು. ಅದು ಎಲ್ಲರಿಗೂ ಬೇಕಾದುದಲ್ಲ. ಆದರೆ ತೂಕಕ್ಕೂ ಒತ್ತಡಕ್ಕೂ ಇರುವ ನಂಟನ್ನು ಅದು ಸ್ಪಷ್ಟಪಡಿಸಿತು.

ತೂಕ ಒಂದು ದಿನದಲ್ಲಿ ಇಳಿಯುವುದಿಲ್ಲ. ಕಣ್ಣು ಅಷ್ಟು ದಿನ ಕಾಯುವುದಿಲ್ಲ. ಆದುದರಿಂದ ದ್ರವದ ಉತ್ಪತ್ತಿಯನ್ನು ತಗ್ಗಿಸುವ ಅಸಿಟಜೋಲಮೈಡ್ ಮಾತ್ರೆಯನ್ನು ಕೊಡುತ್ತಾರೆ. ಅಮೆರಿಕದಲ್ಲಿ ದೃಷ್ಟಿನಷ್ಟ ಅಲ್ಪವಾಗಿದ್ದ 165 ರೋಗಿಗಳನ್ನು ಕುರಿತು ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಉಪ್ಪು ಕಡಿಮೆಯಾದ, ತೂಕ ಇಳಿಸುವ ಆಹಾರದೊಂದಿಗೆ ಈ ಮಾತ್ರೆಯನ್ನೂ ತೆಗೆದುಕೊಂಡವರ ದೃಷ್ಟಿ, ಆಹಾರಕ್ರಮವನ್ನಷ್ಟೇ ಪಾಲಿಸಿದವರಿಗಿಂತ ಹೆಚ್ಚು ಸುಧಾರಿಸಿತು. ಆರಂಭದಲ್ಲಿ ಕೈಬೆರಳು, ತುಟಿ ಜುಮುಗುಟ್ಟುವುದು, ಸೋಡಾ ಸಪ್ಪೆಯಾಗುವುದು, ಆಯಾಸವೆನಿಸುವುದು ಉಂಟು. ಕೆಲವರಿಗೆ ಮೂತ್ರಪಿಂಡದಲ್ಲಿ ಕಲ್ಲಾಗಬಹುದು. ಇವನ್ನು ವೈದ್ಯರಿಗೆ ತಿಳಿಸಬೇಕೇ ಹೊರತು ತಾವಾಗಿ ಮಾತ್ರೆ ನಿಲ್ಲಿಸಬಾರದು. ತಲೆನೋವು ಬಲವಾಗಿದ್ದವರಿಗೆ ಟೋಪಿರಮೇಟ್ ಎಂಬ ಔಷಧಿಯನ್ನೂ ಕೊಡುವುದುಂಟು. ಅದು ಗರ್ಭದ ಶಿಶುವಿಗೆ ಹಾನಿಕರವಾದುದರಿಂದ ಮಗುವಿನ ಆಶೆಯುಳ್ಳವರು ಮೊದಲೇ ಹೇಳಬೇಕು.

ಔಷಧಿಗೆ ಬಗ್ಗದೆ ದೃಷ್ಟಿ ಕುಸಿಯುತ್ತಿದ್ದರೆ ಶಸ್ತ್ರಚಿಕಿತ್ಸೆ ಅನಿವಾರ್ಯ. ಒಂದು ವಿಧಾನದಲ್ಲಿ ಶಂಟ್ ಎಂಬ ತೆಳು ಕೊಳವೆಯನ್ನು ಚರ್ಮದಡಿಯಲ್ಲಿ ಹಾಯಿಸಿ, ಹೆಚ್ಚಿನ ದ್ರವವನ್ನು ಹೊಟ್ಟೆಯ ಪೊರೆಯೊಳಕ್ಕೆ ಇಳಿಸುತ್ತಾರೆ. ಕೊಳವೆ ಕಟ್ಟಿಕೊಂಡರೆ ಅಥವಾ ಸೋಂಕು ತಗುಲಿದರೆ ಮತ್ತೆ ಶಸ್ತ್ರಕ್ರಿಯೆ ಬೇಕಾಗುತ್ತದೆ. ಇನ್ನೊಂದರಲ್ಲಿ ಕಣ್ಣಿನ ನರದ ಕವಚಕ್ಕೆ ಸಣ್ಣ ಕಿಂಡಿ ಮಾಡಿ ನರದ ಮೇಲಿನ ಭಾರವನ್ನು ಇಳಿಸುತ್ತಾರೆ. ಮಿದುಳಿನ ಅಭಿಧಮನಿ ಕಿರಿದಾಗಿರುವ ಆಯ್ದ ರೋಗಿಗಳಿಗೆ, ಹೃದಯದ ರಕ್ತನಾಳಕ್ಕೆ ಹಾಕುವಂತೆ ಅಲ್ಲಿಯೂ ಸ್ಟೆಂಟ್ ಅಳವಡಿಸುವ ಪದ್ಧತಿ ಇತ್ತೀಚೆಗೆ ಬಂದಿದೆ. ಅದಾದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗಬೇಕು. ಯಾವ ದಾರಿ ಯಾರಿಗೆ ಎಂಬುದನ್ನು ನೇತ್ರತಜ್ಞರೂ ನರತಜ್ಞರೂ ಕೂಡಿಯೇ ನಿರ್ಧರಿಸಬೇಕು.

ದಕ್ಷಿಣ ಬೆಂಗಳೂರಿನವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಜಯನಗರಕ್ಕೆ ಸಮೀಪದಲ್ಲಿಯೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಮಾನಸಿಕ ಆಸ್ಪತ್ರೆಯನ್ನೂ 1954ರಲ್ಲಿ ಆರಂಭವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ 1974ರಲ್ಲಿ ಅದನ್ನು ರೂಪಿಸಿದರು. ಮೊದಲ ನಿರ್ದೇಶಕರು ನರಶಸ್ತ್ರಚಿಕಿತ್ಸಕರಾದ ಡಾ. ಆರ್. ಎಂ. ವರ್ಮಾ. ನಿಮ್ಹಾನ್ಸ್ ಎಂದರೆ ಮನೋರೋಗಿಗಳ ಆಸ್ಪತ್ರೆಯೆಂದು ಹಿಂಜರಿಯುವವರು ಈಗಲೂ ಇದ್ದಾರೆ. ಮಿದುಳು ಮತ್ತು ನರಗಳ ಕಾಯಿಲೆಗಳಿಗೆ ಅದು ದೇಶದ ಹಿರಿಯ ಸಂಸ್ಥೆಗಳಲ್ಲೊಂದು; ಅಲ್ಲಿಯ ತುರ್ತು ವಿಭಾಗ ಹಗಲಿರುಳೂ ತೆರೆದಿರುತ್ತದೆ. ಕಣ್ಣಿನ ಪರೀಕ್ಷೆಗೆ ಚಾಮರಾಜಪೇಟೆಯಲ್ಲಿ ಸರ್ಕಾರದ ಮಿಂಟೋ ಕಣ್ಣಾಸ್ಪತ್ರೆಯಿದೆ.

ಬಾಣಂತಿಯ ತಲೆನೋವು

ಮೇಲೆ ಹೇಳಿದ ಹೆಪ್ಪುಗಟ್ಟುವಿಕೆಯ ವಿಷಯಕ್ಕೆ ಈಗ ಬರುತ್ತೇನೆ. ಹೆರಿಗೆಯಲ್ಲಿ ರಕ್ತ ಹರಿದುಹೋಗದಿರಲೆಂದು ಪ್ರಕೃತಿಯೇ ತಾಯಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣವನ್ನು ಆ ಕಾಲಕ್ಕೆ ಕೊಟ್ಟಿದೆ. ಮೈಯಲ್ಲಿ ನೀರು ಕಡಿಮೆಯಾದರೆ ಆ ಗುಣವೇ ಶತ್ರುವಾಗುತ್ತದೆ. ಮಿದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದಾಗ ರಕ್ತ ಹಿಂದಿರುಗಲು ದಾರಿಯಿಲ್ಲದೆ ಒತ್ತಡ ಏರುತ್ತದೆ. ತಲೆನೋವು, ವಾಂತಿ, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು, ಮಂಪರು ಇವು ಅದರ ಲಕ್ಷಣಗಳು.

ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆ, ಶೀತವಾಗುತ್ತದೆ ಎಂದು ಗುಟುಕು ಲೆಕ್ಕದಲ್ಲಿ ಕೊಡುವ ಪದ್ಧತಿ ನಮ್ಮ ಹಿರಿಯರಲ್ಲಿತ್ತು. ಕೆಲವು ಮನೆಗಳಲ್ಲಿ ಈಗಲೂ ಉಂಟು. ನನ್ನ ಬಾಣಂತನದಲ್ಲಿ ನಾನೂ ಬಾಯಾರಿದವಳೇ. ನಮ್ಮ ಹಿರಿಯರ ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದುದು ಬಹಳವಿದೆ. ಎಣ್ಣೆನೀರು, ವಿಶ್ರಾಂತಿ, ಬಿಸಿಯೂಟ ಎಲ್ಲವೂ ಇರಲಿ. ನೀರಿನ ಕಟ್ಟು ಮಾತ್ರ ಬೇಡ. ಈ ಕಾಯಿಲೆಗೆ ಈಡಾದ ಬಾಣಂತಿಯರಿಗೆ ಕಡಿಮೆ ಪ್ರಮಾಣದ ಹೆಪಾರಿನ್ ಔಷಧಿಯಿಂದ ಪ್ರಯೋಜನವಾಗುತ್ತದೆಂದು ನಿಮ್ಹಾನ್ಸ್‌ನ ಡಾ. ಡಿ. ನಾಗರಾಜ ಮತ್ತು ಸಂಗಡಿಗರು 1999ರಲ್ಲಿಯೇ ತಮ್ಮ ಅಧ್ಯಯನವನ್ನು ಪ್ರಕಟಿಸಿದ್ದಾರೆ. ಚಿಕಿತ್ಸೆಯಿದೆ; ಬೇಕಾದುದು ಬೇಗ ಕರೆತರುವ ಮನಸ್ಸು. ಹೆರಿಗೆಯಾದ ಆರೇಳು ವಾರಗಳೊಳಗೆ ಬಿಡದ ತಲೆನೋವು ಬಂದರೆ ಅದನ್ನು ಗಾಳಿ ಸೋಕಿದ್ದೆಂದು ತಳ್ಳಿಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕಾಯಿಲೆಯೊಂದಿಗೆ ಬಾಳುವುದು

ಕಾರಣ ತಿಳಿಯದ ಈ ಒತ್ತಡ ವಾರದಲ್ಲಿ ಮುಗಿಯುವ ಕಾಯಿಲೆಯಲ್ಲ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಅದರೊಂದಿಗೆ ಬಾಳಬೇಕು. ನಮ್ಮ ಹುಡುಗಿ ಒಂದು ಪುಸ್ತಕದಲ್ಲಿ ತಲೆನೋವಿನ ದಿನ, ಕಣ್ಣು ಮಂಜಾದ ದಿನ, ತೂಕ, ನುಂಗಿದ ಮಾತ್ರೆ ಎಲ್ಲವನ್ನೂ ಬರೆದಿಡುತ್ತಾಳೆ. ನೋವಿನ ಮಾತ್ರೆಗಳನ್ನು ತಿಂಗಳಲ್ಲಿ ಹತ್ತು ಹದಿನೈದು ದಿನ ನುಂಗತೊಡಗಿದರೆ ಅವುಗಳಿಂದಲೇ ತಲೆನೋವು ಹುಟ್ಟುತ್ತದೆಂದು ವೈದ್ಯರು ಎಚ್ಚರಿಸಿದ್ದಾರೆ. ತಲೆನೋವು ಇಳಿದಿದ್ದರೂ ಕಣ್ಣಿನ ಪರೀಕ್ಷೆಯ ದಿನ ತಪ್ಪಿಸುವುದಿಲ್ಲ. ನೋವಿಲ್ಲದೆಯೂ ದೃಷ್ಟಿ ಕುಂದಬಹುದು. ರಕ್ತಹೀನತೆಯಿದ್ದರೆ, ಗೊರಕೆಯೊಂದಿಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದರೆ ಅವಕ್ಕೂ ಚಿಕಿತ್ಸೆಯಾಗಬೇಕು.

ಅಡಿಗೆಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಹಿಂದೆ ಸರಿದವು. ಅನ್ನದ ಪ್ರಮಾಣ ಇಳಿದು ಸೊಪ್ಪು, ಕಾಳು, ತರಕಾರಿ ಏರಿದವು. ಲಾಲ್‌ಬಾಗಿನಲ್ಲಿ ವಾರಕ್ಕೆ ಐದು ದಿನ ನಡಿಗೆ. ಶ್ರಾವಣ ಸೋಮವಾರದ ಉಪವಾಸ ಮಾಡಬಹುದೇ ಎಂದು ಕೇಳಿದಾಗ, ಹಗಲೆಲ್ಲ ನೀರೂ ಇಲ್ಲದೆ ಇದ್ದು ರಾತ್ರಿ ಎರಡು ಊಟ ಮಾಡುವ ಉಪವಾಸ ಬೇಡ, ಯಾವ ವ್ರತದ ದಿನವೂ ಮಾತ್ರೆ ತಪ್ಪಿಸುವುದು ಬೇಡ ಎಂದರು ವೈದ್ಯರು. ಇನ್ನೊಂದು ಮಗು ಬೇಕೆಂಬ ಆಶೆಯನ್ನು ಬಿಡಬೇಕಾಗಿಲ್ಲ, ಈ ಕಾಯಿಲೆಯಿದ್ದ ಮಾತ್ರಕ್ಕೆ ಶಸ್ತ್ರಕ್ರಿಯೆಯ ಹೆರಿಗೆಯೇ ಆಗಬೇಕೆಂದೂ ಇಲ್ಲ, ಮುಂಚೆಯೇ ಸಮಾಲೋಚಿಸಿ ಔಷಧಿಗಳನ್ನು ಹೊಂದಿಸಿಕೊಳ್ಳಬೇಕು ಎಂದರು.

ಇವೆಲ್ಲಕ್ಕಿಂತ ಕಷ್ಟವಾದುದು ನೆಂಟರಿಷ್ಟರ ಮಾತು. ಮದುವೆಮನೆಯಲ್ಲಿ "ಎಷ್ಟು ದಪ್ಪಗಾಗಿದ್ದೀಯೆ!" ಎನ್ನುವವರೂ ಅವರೇ, ಎಲೆಯ ಮುಂದೆ "ಇನ್ನೊಂದು ಹೋಳಿಗೆ ಹಾಕಿಸಿಕೋ, ಇವತ್ತೊಂದು ದಿನ ತಾನೆ" ಎನ್ನುವವರೂ ಅವರೇ. ಬೇಡವೆಂದವರಿಗೆ ಬಲವಂತವಾಗಿ ಬಡಿಸುವುದು ಆದರವಲ್ಲ. ಮೈತೂಕವನ್ನು ತಪ್ಪೆಂದು ಎತ್ತಿ ಆಡುವುದರಿಂದ ಯಾರ ತೂಕವೂ ಇಳಿದಿಲ್ಲ; ಮನಸ್ಸು ಮಾತ್ರ ಕುಗ್ಗುತ್ತದೆ.

ಮದುವೆಯಾಗದ ಹೆಣ್ಣುಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು. ತಲೆಯ ಸ್ಕ್ಯಾನ್, ನಿಮ್ಹಾನ್ಸ್ ಎಂಬ ಸುದ್ದಿ ಹೊರಗೆ ಹೋದರೆ ಸಂಬಂಧ ತಪ್ಪೀತೆಂದು ಪರೀಕ್ಷೆಯನ್ನು ಮುಂದೂಡಬೇಡಿ. ತಪ್ಪಿದ ಸಂಬಂಧದ ಬದಲಿಗೆ ಇನ್ನೊಂದು ಬಂದೀತು. ಹೋದ ದೃಷ್ಟಿ ಬಾರದು.

ತಡಮಾಡದಿರಿ

ಬೆಳಗಿನ ಹೊತ್ತು ಅಥವಾ ಮಲಗಿದಾಗ ಹೆಚ್ಚುವ ತಲೆನೋವು, ಬಗ್ಗಿ ಎದ್ದಾಗ ಕಣ್ಣು ಕತ್ತಲಿಡುವುದು, ಕಿವಿಯಲ್ಲಿ ನಾಡಿಮಿಡಿತದ ಸದ್ದು, ಒಂದು ವಸ್ತು ಎರಡಾಗಿ ಕಾಣುವುದು ಇವುಗಳಲ್ಲಿ ಯಾವುದಿದ್ದರೂ ಹನಿ ಹಾಕಿ ಕಣ್ಣಿನ ನರವನ್ನು ಪರೀಕ್ಷಿಸುವಂತೆ ಕೇಳಿಕೊಳ್ಳಿ. ದೃಷ್ಟಿ ದಿನೇ ದಿನೇ ಕುಂದುತ್ತಿದ್ದರೆ, ತಲೆನೋವಿನೊಂದಿಗೆ ಜ್ವರ, ಪದೇಪದೇ ವಾಂತಿ, ಫಿಟ್ಸ್, ಮಂಪರು, ಕೈಕಾಲಿನ ಸೋಲು ಕಂಡರೆ ಅಂದೇ ತುರ್ತು ಚಿಕಿತ್ಸೆಗೆ ಹೋಗಿ.

ನಮ್ಮ ಹುಡುಗಿ ಈಗ 11 ಕಿಲೊ ಇಳಿದಿದ್ದಾಳೆ. ಕಣ್ಣಿನ ನರದ ಊತ ಇಳಿದಿದೆ. ಮಾತ್ರೆಯ ಪ್ರಮಾಣವೂ ಅರ್ಧವಾಗಿದೆ. ಆದರೆ ಎಡಗಣ್ಣಿನ ಕೆಳಮೂಲೆಯಲ್ಲಿ ಒಂದಿಷ್ಟು ನೋಟ ಹೋದದ್ದು ಹೋಯಿತು. ಮೆಟ್ಟಿಲು ಇಳಿಯುವಾಗ ಕೊರಳನ್ನು ತುಸು ತಿರುಗಿಸಿ ನೋಡಿಕೊಳ್ಳುತ್ತಾಳೆ. ನಾವು ಕನ್ನಡಕ ಬದಲಾಯಿಸುತ್ತ, ನಿವಾಳಿಸುತ್ತ ಕಳೆದ ಮೂರು ತಿಂಗಳಿಗೆ ಅವಳು ತೆತ್ತ ಬೆಲೆಯದು. ಅವಳು ಯಾರನ್ನೂ ದೂರಿಲ್ಲ. ಈ ಯುಗಾದಿಗೂ ಹೊಸಲಿನ ಮುಂದೆ ರಂಗೋಲಿ ಅವಳದೇ ಆಗಿತ್ತು. ಎದ್ದಾಗ ಗೋಡೆ ಹಿಡಿಯಲಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ತಲೆನೋವೆಂದರೆ ಮಾತ್ರೆ ಕೊಡುವ ಮುನ್ನ ಒಂದು ಪ್ರಶ್ನೆ ಕೇಳಿ: "ಕಣ್ಣು ಹೇಗಿದೆ?" ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಕೇಳಲು ಮೂರು ತಿಂಗಳು ಹಿಡಿಯಿತು. ನಿಮ್ಮ ಮನೆಯಲ್ಲಿ ಅಷ್ಟು ತಡವಾಗದಿರಲಿ.